ದಿನ ಬಿಟ್ಟು ದಿನದ ಮಾತ್ರೆ

ಬಾಟಲಿಯ ಮುಚ್ಚಳ ಟಿಕ್ ಎಂದಿತು. ಹನ್ನೊಂದು ಗಂಟೆ ದಾಟಿತ್ತು. ನನ್ನ ಮಾತ್ರೆ ನಾನಾಗಲೇ ನುಂಗಿ ಮಲಗಿದ್ದೆ. ಅಡುಗೆಮನೆಯಲ್ಲಿದ್ದವಳು ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಉಚ್ಚಂಗಮ್ಮಕ್ಕ. ಚೊಂಬಿನಿಂದ ನೀರು ಕುಡಿದದ್ದೂ ಕೇಳಿತು. ನಾನು ಏಳಲಿಲ್ಲ.

ಇಬ್ಬರಿಗೂ ಒಂದೇ ಕಾಯಿಲೆ. ದೇಹದ ಕಾವಲು ಪಡೆ ದಾರಿ ತಪ್ಪಿ ನಮ್ಮದೇ ಕೀಲುಗಳನ್ನು ತಿನ್ನುವ ವಾತ. ರಾಯದುರ್ಗದ ಒಂದೇ ಜೀನ್ಸ್ ಘಟಕದಲ್ಲಿ ಕೆಲಸ. ನನ್ನದು ಚೆಕಿಂಗ್, ಬೆರಳು ಬಾತರೂ ಕಣ್ಣಿದ್ದರೆ ನಡೆಯುತ್ತದೆ. ಅಕ್ಕ ಪ್ಯಾಂಟಿಗೆ ಬೆಲ್ಟ್ ಲೂಪ್ ಹೊಲಿಯುವವಳು. ಬೆರಳು ಹೋದರೆ ಅವಳಿಗೆ ಮಷಿನ್ ಇಲ್ಲ. ವಾರಕ್ಕೊಮ್ಮೆ ಇಬ್ಬರೂ ಹಳದಿ ಮಾತ್ರೆ ನುಂಗುತ್ತಿದ್ದೆವು. ಮಾರನೆಯ ದಿನವೆಲ್ಲ ವಾಕರಿಕೆ.

ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಹೊಸ ಔಷಧದ ಪರೀಕ್ಷೆ ನಡೆದಿದೆಯೆಂದು ಇಬ್ಬರೂ ಹೋದೆವು. ಕಾವಲು ಪಡೆಯಲ್ಲಿ ಹೊಡೆಯುವ ಕೋಶಗಳಿರುವ ಹಾಗೆ, ‘ಇನ್ನು ಸಾಕು’ ಎಂದು ತಡೆಯುವ ಟಿ ಕೋಶಗಳೂ ಇವೆಯಂತೆ. ಈ ಮಾತ್ರೆ ಅವುಗಳನ್ನು ಹೆಚ್ಚಿಸೀತೇ ಎಂದು ನೋಡುತ್ತಿದ್ದರು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಹಳದಿ ಮಾತ್ರೆಯನ್ನು ಯಾರೂ ಬಿಡಬಾರದು ಎಂದರು. ನನ್ನನ್ನು ಸೇರಿಸಿಕೊಂಡು, ರಾತ್ರಿಗೊಂದರಂತೆ ನುಂಗಲು ಬಾಟಲಿ ಕೊಟ್ಟರು. ಅಕ್ಕನಿಗೆ ರಕ್ತ ಕಡಿಮೆಯೆಂದು ವಾಪಸು ಕಳಿಸಿದರು.

“ಇಪ್ಪತ್ತು ವರ್ಷದಿಂದ ಅತ್ತಿ ಮನಿಯವರು ಕುಡ್ಯಾಕ ಹತ್ಯಾರ. ಇನ್ನ ಎಲ್ಲಿ ಉಳಿತೈತ್ರಿ ರಕ್ತ?” ಎಂದು ಅವಳು ನರ್ಸನ್ನು ನಗಿಸಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೆರಳುಗಳನ್ನು ಮಡಚಿ ಬಿಚ್ಚುತ್ತಿದ್ದಳು.

ಮುಚ್ಚಳದ ಸದ್ದು ಕೇಳಿದ ಮರುದಿನ ಬಾಟಲಿಯ ಮಾತ್ರೆ ಎಣಿಸಿದೆ. ಒಂದು ಕಡಿಮೆ. ತಿಂಗಳ ಕೊನೆಗೆ ಉಳಿದ ಮಾತ್ರೆಗಳನ್ನು ಆಸ್ಪತ್ರೆಯಲ್ಲಿ ತೋರಿಸಬೇಕು. ಲೆಕ್ಕ ಸರಿಹೋಗಲೆಂದು ಆ ರಾತ್ರಿ ನಾನು ನುಂಗಲಿಲ್ಲ. ಅವರು ಕೊಟ್ಟ ಪುಸ್ತಕದಲ್ಲಿ ‘ನುಂಗಿದೆ’ ಎಂದು ಬರೆದೆ. ಅಕ್ಕ ದಿನ ಬಿಟ್ಟು ದಿನ ತೆಗೆದಳು. ನಾನು ದಿನ ಬಿಟ್ಟು ದಿನ ತಪ್ಪಿಸಿದೆ. ನಾನು ಬಾಯಿಬಿಟ್ಟು ಕೇಳಿದರೆ, ತಗೋಬೇಡ ಎನ್ನಬೇಕಾಗುತ್ತಿತ್ತು. ಸುಮ್ಮನಿದ್ದರೆ ಹಂಚಿಕೊಂಡಂತೆ. ಒಳಗೊಳಗೇ ಹೆಮ್ಮೆಯೂ ಪಟ್ಟೆ.

“ಕೈ ಹಗುರಾಗೈತಿ ಗಂಗೋತ್ರಿ. ಯಾಕಂತ ಗೊತ್ತಿಲ್ಲ ನೋಡು,” ಎಂದಳು ಅಕ್ಕ ಒಂದು ದಿನ.

“ಒಳ್ಳೇದಾತು ಬಿಡಕ್ಕ.”

ನಾಲ್ಕನೆಯ ತಿಂಗಳು ಅವಳ ಗೆಣ್ಣುಗಳು ಕೆಂಪಾಗಿ ಊದಿದವು. ಬೆರಳುಗಳು ಹೊರಗಡೆಗೆ ವಾಲತೊಡಗಿದವು. ಎಣ್ಣೆ ಹಚ್ಚಲು ಹಳೆಯ ಬಟ್ಟೆ ಹುಡುಕುವಾಗ ಅವಳ ಟ್ರಂಕಿನಲ್ಲಿ ಹಳದಿ ಮಾತ್ರೆಯ ಪಟ್ಟಿಗಳು ಸಿಕ್ಕವು. ಮೂರು ತಿಂಗಳದ್ದು, ಒಂದೂ ಒಡೆದಿರಲಿಲ್ಲ.

“ಇದ್ಯಾಕಕ್ಕ ಬಿಟ್ಟಿ?”

“ವಾಕರಿಕಿ ಬರ್ತಿತ್ತು. ಕೈ ಆರಾಮಾತಲ್ಲ, ಇನ್ನ ಅದ್ಯಾಕ ಅಂತ.” ಅವಳು ನನ್ನ ಮುಖ ನೋಡಲಿಲ್ಲ. ನಾನೂ ಅವಳ ಮುಖ ನೋಡಲಿಲ್ಲ.

ಹಳದಿ ಮಾತ್ರೆ ಮತ್ತೆ ಶುರುವಾಯಿತು. ಊತ ಇಳಿಯಿತು, ವಾಲಿದ ಬೆರಳು ನೇರವಾಗುವುದಿಲ್ಲ ಎಂದರು ಡಾಕ್ಟರು. ಅವಳ ಮಷಿನ್ನಿನಲ್ಲಿ ಈಗ ಡಿ. ಹಿರೇಹಾಳಿನ ದ್ಯಾಮಮ್ಮ ಕೂರುತ್ತಾಳೆ.

ಕಳೆದ ವಾರ ಆಸ್ಪತ್ರೆಯವರು ಕರೆಸಿದರು. ಪರೀಕ್ಷೆ ಮುಗಿದಿತ್ತು. ನನಗೆ ಕೊಟ್ಟಿದ್ದು ಔಷಧವಿಲ್ಲದ ಮಾತ್ರೆ.

ಸಂಜೆ ಅಕ್ಕನಿಗೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಕೊಡುತ್ತಿದ್ದೆ.

“ನಿಂದು ಯಾವ ಮಾತ್ರಿ ಇತ್ತಂತ?”

“ಹೇಳಲಿಲ್ಲಕ್ಕ.”

“ಖರೇದೇ ಇತ್ತು ಬಿಡು. ನನಗ ಗೊತ್ತು,” ಎಂದವಳು ತಟ್ಟನೆ ಮಾತು ನಿಲ್ಲಿಸಿದಳು. ಆಮೇಲೆ, “ನಿನ್ನ ಮುಖದಾಗ ಕಾಣ್ತೈತಿ,” ಎಂದಳು.

ನಾನು ಇನ್ನೊಂದು ತುತ್ತು ಮುರಿದೆ. ಮಾತ್ರೆ ಹಂಚಿಕೊಂಡದ್ದನ್ನು ಆಸ್ಪತ್ರೆಗೂ, ಗಂಡನಿಗೂ, ಅದರಲ್ಲಿ ಔಷಧವಿರಲಿಲ್ಲವೆಂದು ಇವಳಿಗೂ ಹೇಳುವುದಿಲ್ಲ ಎಂದು ಆಗಲೇ ತೀರ್ಮಾನಿಸಿದೆ. ಅವಳಿಗೆ ನೋವಾಗದಿರಲಿ ಎಂಬ ಕಾರಣ ಕೊಡಬಹುದು. ಅದಷ್ಟೇ ಅಲ್ಲ. ಗೊತ್ತಿದ್ದೂ ಮೊದಲ ದಿನವೇ ಯಾಕ ತಡೀಲಿಲ್ಲ ಎಂದು ಅವಳು ಕೇಳಿಯಾಳೆಂಬ ಭಯವೂ ಇದೆ.