ಅಡುಗೆಮನೆಯಿಂದ ಕಂಡ ಚಿಚೆಸ್ಟರ್

ಎಲೆಕ್ಟ್ರಾ ಸ್ಟ್ರೀಟಿನ ಹೋಟೆಲೊಂದರ ಮಹಡಿಯಲ್ಲಿ ಅಬುಧಾಬಿಯಲ್ಲಿ ನೆಲೆಸಿದ ಕರ್ನಾಟಕ ಕರಾವಳಿಯವರ ತಿಂಗಳ ಕೂಟ ನಡೆದಿತ್ತು. ಈ ಸಲದ ವಿಶೇಷ ಮೋಹನದಾಸರ ಇಂಗ್ಲೆಂಡ್ ಪ್ರವಾಸದ ಅನುಭವ. ಚಿಚೆಸ್ಟರ್ ಎಂಬ ಪುಟ್ಟ ಊರಿನ ಚಿತ್ರಗಳು ಪರದೆಯ ಮೇಲೆ ಒಂದೊಂದಾಗಿ ಬರುತ್ತಿದ್ದವು. ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ ಹರಿಣಾಕ್ಷಿಯೂ ಅವನ್ನು ಸಭಿಕರ ಹಾಗೆಯೇ ಮೊದಲ ಬಾರಿಗೆ ನೋಡುತ್ತಿದ್ದಳು. ಐದು ದಿನ ಅವಳೂ ಅದೇ ಊರಿನಲ್ಲಿದ್ದಳು ಎಂದರೆ ಯಾರೂ ನಂಬುವಂತಿರಲಿಲ್ಲ.

ಅಸಲಿಗೆ ಆ ಊರನ್ನು ಆರಿಸಿದವಳೇ ಅವಳು. ಅವಳು ಲ್ಯಾಬ್ ಸಹಾಯಕಿಯಾಗಿರುವ ಶಾಲೆಯ ಜೆಸ್ಸಿ ಟೀಚರ್ ಹಿಂದೊಮ್ಮೆ ಅಲ್ಲಿಗೆ ಹೋಗಿ ಬಂದಿದ್ದರು. "ಲಂಡನ್ ಎಲ್ಲರೂ ನೋಡ್ತಾರೆ, ನೀನು ಇಲ್ಲಿಗೆ ಹೋಗು" ಎಂದು ಅವರು ಬಿಡುವಿನಲ್ಲೆಲ್ಲ ವರ್ಣಿಸಿದ್ದರು. ರೋಮನ್ನರ ಕಾಲದ ಕೋಟೆಗೋಡೆಯ ಮೇಲೆ ನಡೆಯಬಹುದು. ಒಂದು ಕಡೆ ಕುರಿ ಮೇಯುವ ಹಸಿರು ಗುಡ್ಡ, ಇನ್ನೊಂದು ಕಡೆ ಕಡಲು. ಅಲ್ಲಿನ ದೊಡ್ಡ ಚರ್ಚು, ಕೆಥೀಡ್ರಲ್ಲಿನೊಳಗೆ ಒಂಬೈನೂರು ವರ್ಷ ಹಳೆಯ ಕಲ್ಲಿನ ಕೆತ್ತನೆ ಇದೆ: ಒಡಹುಟ್ಟಿದವನನ್ನು ಕಳೆದುಕೊಂಡು ಅಳುವ ಇಬ್ಬರು ಹೆಂಗಸರು. "ಅವರ ಮುಖ ನೋಡಿದ್ರೆ ನಿನಗೂ ಅಳು ಬರ್ತದೆ" ಎಂದಿದ್ದರು ಜೆಸ್ಸಿ. ಹರಿಣಾಕ್ಷಿ ಎಲ್ಲವನ್ನೂ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಳು.

ಮೋಹನದಾಸರು ತಮ್ಮ ಗೆಳೆಯ ರಂಜಿತನನ್ನೂ ಅವನ ಹೆಂಡತಿ ಅಮಿತಾಳನ್ನೂ ಹೊರಡಿಸಿದರು. ಎರಡು ಸಂಸಾರ, ಮಕ್ಕಳೂ ಸೇರಿ ಏಳು ಜನ. ಹೋಟೆಲ್ ಬೇಡವೆಂದು ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದರು. "ಅಲ್ಲಿಯ ಬ್ರೆಡ್ಡು, ಬಟಾಟೆ ನಮಗೆ ಆಗ್ಲಿಕ್ಕಿಲ್ಲ ಮಾರಾಯ್ತಿ" ಎಂದರು. ಒಂದು ಸೂಟ್‌ಕೇಸ್ ತುಂಬ ಕುಚ್ಚಲಕ್ಕಿ, ಮಸಾಲೆ ಪುಡಿ, ಹುಣಸೆಹುಳಿ.

ಬೆಳಿಗ್ಗೆ ಏಳು ಜನರಿಗೆ ನೀರುದೋಸೆ, ಕಟ್ಟಿಕೊಡಲು ಬುತ್ತಿ, ಸಂಜೆಗೆ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ. ಒಗ್ಗರಣೆಯ ಹೊಗೆ ಎದ್ದರೆ ಸಾಕು, ಛಾವಣಿಯ ಅಲಾರಂ ಕಿರುಚುತ್ತಿತ್ತು. ಅಮಿತಾ ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದಳು. ಹೆಂಗಸರಿಬ್ಬರು ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಗಂಡಸರೂ ಮಕ್ಕಳೂ ಹೊರಟುಬಿಟ್ಟಿರುತ್ತಿದ್ದರು; ಹಿಂದೆಯೇ ಸಂಜೆಯ ಅಡುಗೆ ಶುರು. ಕಿಟಕಿಯಿಂದ ಕೆಥೀಡ್ರಲ್ಲಿನ ಶಿಖರದ ತುದಿ ಮಾತ್ರ ಕಾಣುತ್ತಿತ್ತು. ಮಗಳು ಬಂದು, "ಅಮ್ಮಾ, ಯು ಮಿಸ್ಡ್ ಇಟ್" ಎನ್ನುತ್ತಿದ್ದಳು.

ಈಗ ಮೈಕ್ ಹಿಡಿದ ಮೋಹನದಾಸರು ನಗುತ್ತ ಹೇಳಿದರು: "ನಮ್ಮ ಹರಿಣಾಕ್ಷಿ ಚಿಚೆಸ್ಟರಿನಲ್ಲೂ ಪುಳಿಮುಂಚಿ ಮಾಡಿ ಹಾಕಿದಳು ಮಾರಾಯ್ರೆ!"

ಚಪ್ಪಾಳೆ ಬಿತ್ತು. ಅವಳ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಮುಂದಿನ ಚಿತ್ರ ಬಂತು. ಕೆಥೀಡ್ರಲ್ಲಿನ ಕೆತ್ತನೆಗೆ ಬೆನ್ನು ಕೊಟ್ಟು, ಹೆಬ್ಬೆರಳೆತ್ತಿ ನಿಂತ ಮೋಹನದಾಸರು. ಅವರ ಭುಜದ ಪಕ್ಕದಲ್ಲಿ ಕಲ್ಲಿನ ಒಂದು ಕೈ ಮಾತ್ರ ಕಾಣುತ್ತಿತ್ತು. ಅಳುವ ಮುಖಗಳೆರಡೂ ಅವರ ಹಿಂದೆ ಮರೆಯಾಗಿದ್ದವು.

ಹರಿಣಾಕ್ಷಿ ಎದ್ದು ನಿಂತಳು. "ಸ್ವಲ್ಪ ಆಚೆ ಸರಿಯಿರಿ."

ಅವರು ಪರದೆಯ ಪಕ್ಕಕ್ಕೆ ಸರಿದರು.

"ಇಲ್ಲಿ ಅಲ್ಲ, ಫೋಟೋದಲ್ಲಿ. ನಿಮ್ಮ ಬೆನ್ನ ಹಿಂದೆ ಇರುವುದನ್ನು ನೋಡ್ಲಿಕ್ಕೆ ಅಂತ ನಾನು ಇಂಗ್ಲೆಂಡಿಗೆ ಬಂದದ್ದು."

ಸಭೆ ನಕ್ಕಿತು.

"ನಗುವಂಥದ್ದು ಎಂತದೂ ಇಲ್ಲ" ಎಂದಳು. "ಐದು ದಿವಸ ಅಲ್ಲಿದ್ದೆ. ನಾನು ನೋಡಿದ್ದು ಒಂದು ಸಿಂಕು, ಒಂದು ಒಲೆ. ಅದು ಅಬುಧಾಬಿಯಲ್ಲೂ ಉಂಟು. ಆ ಊರಲ್ಲಿ ಊಟ ಸಿಗ್ತಿರ್ಲಿಲ್ವಾ? ಅಲ್ಲಿಯವರು ಉಪವಾಸ ಇರ್ತಾರಾ?"

ಹಿಂದಿನ ಸಾಲಿನಿಂದ ಅಮಿತಾ, "ನಾನೂ ಏನೂ ನೋಡ್ಲಿಲ್ಲ" ಎಂದಳು. ರಂಜಿತ್ ತಲೆ ತಗ್ಗಿಸಿ ಫೋನ್ ಒತ್ತತೊಡಗಿದ.

ಮನೆಗೆ ಮರಳುವಾಗ ಕಾರಿನಲ್ಲಿ ಮೋಹನದಾಸರು, "ಎಲ್ಲರೆದುರು ಮರ್ಯಾದೆ ತೆಗೆದೆ. ಚಿಚೆಸ್ಟರಿನಲ್ಲೇ ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?" ಎಂದರು.

"ಎರಡನೇ ದಿವಸವೇ ಹೇಳಿದ್ದೆ. ನಾಳೆ ಹೋಗುವ ಅಂದ್ರಿ. ಮೂರನೇ ದಿವಸ ಮತ್ತೆ ಹೇಳಿದೆ. ಮೀನು ಫ್ರೆಶ್ ಉಂಟು, ಇವತ್ತೇ ಮಾಡು ಅಂದ್ರಿ."

ಅವರಿಗೆ ಅದು ನೆನಪೇ ಇರಲಿಲ್ಲ. ಮರೆತಂತೆ ನಟಿಸಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ.

ಮುಂದಿನ ವಾರ ಹರಿಣಾಕ್ಷಿಯೂ ಅಮಿತಾಳೂ ಡಿಸೆಂಬರ್ ರಜೆಗೆ ಟಿಕೆಟ್ ಮಾಡಿಸಿದರು. ವೀಸಾ ಇನ್ನೂ ಜನವರಿಯವರೆಗೆ ಇತ್ತು. ಈ ಸಲ ಕೆಥೀಡ್ರಲ್ಲಿನ ಹತ್ತಿರ ಒಂದು ಸಣ್ಣ ಹೋಟೆಲ್ ಕೋಣೆ. ಅದರಲ್ಲಿ ಒಲೆ ಇಲ್ಲ. ಟಿಕೆಟ್ ತೋರಿಸಿದಾಗ ಮೋಹನದಾಸರು ಉದಾರವಾಗಿ ಕೈ ಬೀಸಿ, "ಹೋಗಿ ಬಾ, ನಾನೇನು ಬೇಡ ಅಂತೇನಾ?" ಎಂದರು.

ತಣ್ಣಗಾಗುತ್ತಿದ್ದ ಸಿಟ್ಟು ಮತ್ತೆ ನೆತ್ತಿಗೇರಿತು.

"ನಿಮ್ಮನ್ನು ಕೇಳಿದ್ದು ಯಾರು?" ಎಂದಳು ಹರಿಣಾಕ್ಷಿ. "ಹೇಳಿದ್ದು ಅಷ್ಟೆ."