ಕೊರಳಿಗೆ ಕಟ್ಟಿದ ಕೆಂಪು ಕರ್ಚೀಫು

ಆ ವರ್ಷ ನಮ್ಮ ಮಾಕಳಿಯ ಹುಡುಗರೆಲ್ಲ ಕೊರಳಿಗೆ ಕೆಂಪು ಕರ್ಚೀಫು ಕಟ್ಟಿಕೊಂಡು ತಿರುಗುತ್ತಿದ್ದರು. ಯಾವುದೋ ಸಿನಿಮಾದಲ್ಲಿ ಹೀರೋ ಹಾಗೆ ಕಟ್ಟಿದ್ದನಂತೆ. ಕಟ್ಟದವನನ್ನು ಹೆಣ್ಣಿಗ ಎಂದು ಆಡಿಕೊಳ್ಳುತ್ತಿದ್ದರು. ನನ್ನ ಮಗ ಆಂಜಿನಪ್ಪನೂ ಕಟ್ಟಿದ. ನಾನು ಬೈಯಲಿಲ್ಲ, ದಿನಾ ಇಸ್ತ್ರಿ ಹಾಕಿ ಕೊಟ್ಟೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಆಂಜಿನಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕಬ್ಬಿಣ ತಿರುಗಿಸಿ ಕಡೆಯುವ ಲೇತ್ ಮಿಷನ್ನಿನ ಕೆಲಸ ಕಲಿಯುತ್ತಿದ್ದ. ಕಲಿಸುತ್ತಿದ್ದವರು ನಮ್ಮ ಪಕ್ಕದ ಮನೆಯ ಹನುಮಂತಯ್ಯ. ಒಂದು ದಿನ ಅವರು ನಮ್ಮ ಬಾಗಿಲಿಗೇ ಬಂದರು.

"ನಾಗಲಕ್ಷ್ಮಮ್ಮ, ತಿರುಗೋ ಮಿಷನ್ ಮುಂದೆ ಕೊರಳಲ್ಲಿ ಬಟ್ಟೆ ನೇತಾಡ್ಬಾರ್ದು ಕಣಮ್ಮ. ತುದಿ ಸಿಕ್ರೆ ಆಳನ್ನೇ ಎಳ್ಕೊಂಡ್ಬಿಡ್ತದೆ. ಸ್ವಿಚ್ ಆರಿಸಿದ್ರೂ ತಕ್ಷಣ ನಿಲ್ಲಲ್ಲ."

"ಬಿಚ್ಚಿದ್ರೆ ಎಲ್ರೂ ನಗ್ತಾರೆ ಮಾಮ" ಎಂದ ಮಗ.

"ವಯಸ್ಸಿನ ಹುಡುಗ, ಇರ್ಲಿ ಬಿಡಣ್ಣ. ನೀನೂ ಕ್ರಾಪು ತೀಡ್ಕೊಂಡು ತಿರುಗ್ದೋನೇ ಅಲ್ವಾ?" ಎಂದು ನಾನೂ ನಕ್ಕುಬಿಟ್ಟೆ.

ಆ ಶನಿವಾರವೇ ಕರ್ಚೀಫಿನ ತುದಿ ಲೇತಿಗೆ ಸಿಕ್ಕಿತು. ಹನುಮಂತಯ್ಯ ಓಡಿಬಂದು ಸ್ವಿಚ್ ಆರಿಸಿದರು. ಮಿಷನ್ ಇನ್ನೂ ತಿರುಗುತ್ತಲೇ ಇತ್ತು. ಅವರು ಕೈ ಹಾಕಿ ಬಟ್ಟೆ ಹರಿದರು. ನನ್ನ ಮಗ ಉಳಿದ. ಅವರ ಬಲಗೈಯ ಎರಡು ಬೆರಳು ಹೋದವು.

ಅಲ್ಲೇ ಕೆಲಸ ಕಲಿಯುತ್ತಿದ್ದ, ಹಾಗೇ ಕರ್ಚೀಫು ಕಟ್ಟಿದ್ದ ಗೆಳೆಯರು ಮಗನನ್ನು ಮೂಲೆಗೆ ಕರೆದರು. "ಮಗಾ, ಸಿಕ್ಕಿದ್ದು ಮಿಷನ್ ಒರೆಸೋ ಬಟ್ಟೆ ಅನ್ನು. ಮುದುಕ ಸುಮ್ನೆ ಕೈ ಹಾಕ್ದ ಅನ್ನು. ಇಲ್ಲಾಂದ್ರೆ ನಮ್ಮೆಲ್ರ ಕೆಲ್ಸಾನೂ ಹೋಯ್ತದೆ ಕಣೋ."

ಅವನು ಸೂಪರ್‌ವೈಸರ್ ಎದುರು ಹಾಗೆಯೇ ಹೇಳಿದ. ಅಜಾಗರೂಕತೆ ಎಂದು, ಆಸ್ಪತ್ರೆಯಲ್ಲಿದ್ದ ಹನುಮಂತಯ್ಯನವರನ್ನೇ ಕೆಲಸದಿಂದ ತೆಗೆಯುವ ಮಾತು ಹುಟ್ಟಿತು.

ನನಗೆ ನಿಜ ತಿಳಿದದ್ದು ಮೂರನೆಯ ದಿನ, ಮಗ ಕಾಲರಿನೊಳಗೆ ಮುಚ್ಚಿಕೊಂಡಿದ್ದ ಕೊರಳಿನ ಕಪ್ಪು ಬಾಸುಂಡೆ ಕಂಡಾಗ. ಕೇಳಿದೆ. ಅವನು ಬಿಕ್ಕುತ್ತಾ ಎಲ್ಲವನ್ನೂ ಹೇಳಿದ. "ನಿಜ ಹೇಳಿದ್ರೆ ಆ ಹುಡುಗ್ರು ನನ್ನ ಸೇರಿಸ್ಕಳಲ್ಲಮ್ಮ" ಎಂದ.

"ಥೂ, ನಿನ್ನ ಪ್ರಾಣ ಉಳಿಸ್ದ ಕೈ ಕಣೋ ಅದು!" ಎಂದೆ. ಆದರೆ ತಪ್ಪು ಅವನೊಬ್ಬನದೇ ಆಗಿರಲಿಲ್ಲ. ಅಂದು ಬಾಗಿಲಲ್ಲಿ ನಕ್ಕವಳು ನಾನೇ ಅಲ್ಲವೇ?

ಮಗನನ್ನು ಕರೆದುಕೊಂಡು ಪಕ್ಕದ ಮನೆಗೆ ಹೋದೆ. ಹನುಮಂತಯ್ಯ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಅವರ ಹೆಂಡತಿ ಅನುಸೂಯಮ್ಮ ಮುದ್ದೆ ಮುರಿದು ಗಂಡನ ಬಾಯಿಗೆ ಇಡುತ್ತಿದ್ದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಗ ಅವರ ಕಾಲು ಹಿಡಿದ.

"ನನ್ ಕಾಲಿಗೆ ಬಿದ್ರೆ ಏನು ಬಂತಪ್ಪ? ನಾಳೆ ಆ ಹುಡುಗ್ರು ಇರೋವಾಗ್ಲೇ ನಿಜ ಹೇಳು" ಎಂದರು.

ಮರುದಿನ ಅವನು ಎಲ್ಲರೆದುರು ತಲೆ ತಗ್ಗಿಸಿ ನಿಜ ಹೇಳಿದ. ಹನುಮಂತಯ್ಯನವರ ಕೆಲಸ ಉಳಿಯಿತು. ಲೇತಿನ ಮುಂದೆ ನಿಲ್ಲಲಾಗದೆ ಈಗ ಸ್ಟೋರಿನಲ್ಲಿ ಕೂರುತ್ತಾರೆ. ಗೆಳೆಯರು ಮಗನೊಡನೆ ಮಾತು ಬಿಟ್ಟರು. ಬಿಡಲಿ.

ತಾಯಂದಿರೇ, ಮಕ್ಕಳ ಷೋಕಿ ಕಂಡು ನನ್ನ ಹಾಗೆ ನಕ್ಕು ಸುಮ್ಮನಾಗಬೇಡಿ. ಸಿನಿಮಾ ನೋಡಲಿ, ಆದರೆ ಕೆಲಸದ ಜಾಗದಲ್ಲಿ ಕೆಲಸದ ಬಟ್ಟೆಯೇ ಇರಲಿ ಎಂದು ಹೇಳಿ. ಹುಡುಗರೇ, ಗೆಳೆಯರು ನಗುತ್ತಾರೆಂದು ಹೆದರಬೇಡಿ. ನಕ್ಕವರಲ್ಲಿ ಒಬ್ಬನೂ ಅಂದು ಕೈ ಚಾಚಲಿಲ್ಲ. ಚಾಚಿದವರು, ಬೇಡ ಎಂದು ಬುದ್ಧಿ ಹೇಳಿದವರು.