ಐದು ಇಂಚಿನ ಕೊಯ್ತ

ಗ್ಯಾರೇಜಿನಿಂದ ಬಂದ ನಾತಕ್ಕೆ ವರ್ನಾ ಮೂಗು ಮುಚ್ಚಿಕೊಂಡಳು. ಒಳಗೆ ಗಂಡ ಡ್ವೈಟ್ ಮತ್ತು ಮೈದುನ ಆರ್ಲಿಸ್ ಸೇರಿ ಅವಳ ಅಪ್ಪನ ಹಳೆಯ ಪಿಕಪ್ ಟ್ರಕ್ಕಿನ ಛಾವಣಿ ಕೊಯ್ಯುತ್ತಿದ್ದರು. ತಗಡಿನ ಮಡಿಕೆಯೊಳಗೆ ಯಾವ ಕಾಲದ ಇಲಿಗೂಡಿತ್ತೋ, ಕಿಡಿ ತಾಗಿ ಹೊತ್ತಿಕೊಂಡಿತ್ತು. ಉಚ್ಚೆ, ಕೂದಲು, ಕೊಳೆತ ಹತ್ತಿ ಎಲ್ಲ ಒಟ್ಟಿಗೆ ಬೆಂದ ವಾಸನೆ ಅಡುಗೆಮನೆಯ ಬೀನ್ಸ್ ಪಾತ್ರೆಯವರೆಗೂ ಬಂದು ಕೂತಿತ್ತು.

ಬೇಕರ್ಸ್‌ಫೀಲ್ಡಿನ ಆ ಬೀದಿಯಲ್ಲಿ ಟ್ರಕ್ಕಿನ ತಲೆ ತಗ್ಗಿಸದ ಗಂಡಸರು ಕಡಿಮೆ. ಛಾವಣಿ ಹೊತ್ತ ಕಂಬಗಳಲ್ಲಿ ಒಂದೊಂದು ತುಂಡು ಕೊಯ್ದು ತೆಗೆದು, ಛಾವಣಿಯನ್ನು ಮತ್ತೆ ಬೆಸೆದರೆ ಗಾಡಿ ಕಣ್ಣು ಕಿರಿದು ಮಾಡಿ ದುರುಗುಟ್ಟಿದಂತೆ ಕಾಣುತ್ತದೆ. ವರ್ನಾಗೆ ಅದರ ಮೇಲೇನೂ ಸಿಟ್ಟಿರಲಿಲ್ಲ. ಅಪ್ಪ ಹತ್ತಿ ಹೊಲಕ್ಕೆ ಓಡಿಸುತ್ತಿದ್ದ ಗಾಡಿಯನ್ನು ಅವಳೇ ಒಂದು ಮಾತಿನ ಮೇಲೆ ಕೊಟ್ಟಿದ್ದಳು: ಕೆಲಸ ಮುಗಿದಾಗ ಅದನ್ನು ಮೊದಲು ಓಡಿಸುವವಳು ತಾನು. ಕತ್ತಿನ ಆಪರೇಷನ್ ಆದಮೇಲೆ ಅವಳಿಗೆ ತಲೆ ಬಗ್ಗಿಸಲು ಆಗುತ್ತಿರಲಿಲ್ಲ. ಅದಕ್ಕೇ ಮೂರು ಇಂಚಿಗಿಂತ ಹೆಚ್ಚು ಕೊಯ್ಯುವುದಿಲ್ಲ ಎಂದು ಡ್ವೈಟ್ ಒಪ್ಪಿದ್ದ.

ಮಧ್ಯಾಹ್ನ ಸೀಟು ಕೂರಿಸಿ ಅವಳನ್ನು ಕರೆದರು. ಹತ್ತಿ ಕೂತಳು. ನೆತ್ತಿ ತಗಡಿಗೆ ಬಡಿದು ಕತ್ತಿನೊಳಗೆ ಚಳುಕು ಹೊಡೆಯಿತು. ಕಣ್ಣೆದುರು ರಸ್ತೆ ಇರಲಿಲ್ಲ, ಛಾವಣಿಯ ಅಂಚಿತ್ತು.

"ಎಷ್ಟು ಕೊಯ್ದೆ?"

"ಒಸಿ ಹಿಂದಕ್ಕೆ ಒರಗಿ ಕೂತ್ಕೊಳೇ. ಎಲ್ರೂ ಹಂಗೇ ಓಡ್ಸೋದು."

"ಎಷ್ಟು ಅಂತ ಕೇಳ್ದೆ."

"ಐದು."

ಮೂರಿಂಚು ಚರ್ಚಿಗೆ ಹೋಗುವ ಅಜ್ಜಿಯರಿಗೆ ಎಂದು ಡ್ವೈಟನ ಟ್ರಕ್ ಕ್ಲಬ್ಬಿನ ಗೆಳೆಯರು ಛೇಡಿಸಿದ್ದರಂತೆ. ಡ್ವೈಟ್ ತಾನೇ ಒಳಗೆ ಕೂತು, ಐದಾದರೂ ತಲೆ ತಾಗದು ಎಂದು ಖಾತ್ರಿ ಮಾಡಿಕೊಂಡಿದ್ದನಂತೆ. ಆದರೆ ಕಿಡಿ ಬಿದ್ದೀತೆಂದು ಸೀಟನ್ನು ಆಗಲೇ ಕಳಚಿಟ್ಟಿದ್ದರು. ಅವನು ಕೂತು ನೋಡಿದ್ದು ಬೋರಲು ಹಾಕಿದ ಹಾಲಿನ ಕ್ರೇಟಿನ ಮೇಲೆ. ಅದು ಸೀಟಿಗಿಂತ ನಾಲ್ಕು ಬೆರಳು ತಗ್ಗು.

ಇದನ್ನು ಹೇಳುವಾಗಲೂ ಅವನ ತುಟಿಯಂಚಿನಲ್ಲಿ ನಗೆಯಿತ್ತು, ಮೀಸೆಯಲ್ಲಿ ಬಿಯರಿನ ನೊರೆಯಿತ್ತು. ಇಲಿಯ ಉಚ್ಚೆ ಸುಟ್ಟ ನಾತಕ್ಕಿಂತ ಆ ನಗೆಯೇ ವರ್ನಾಗೆ ಹೆಚ್ಚು ಹೇಸಿಗೆ ಹುಟ್ಟಿಸಿತು. ಇಷ್ಟು ವರ್ಷ ಈ ಬಾಯಿಯ ಮಾತನ್ನೇ ನಂಬಿಕೊಂಡು ಬಂದೆನಲ್ಲ ಎನಿಸಿತು.

ಇಳಿಯಲು ಹೋದಾಗ ಆರ್ಲಿಸ್ ಅವಳ ನೆತ್ತಿಗೂ ತಗಡಿಗೂ ನಡುವೆ ಅಂಗೈ ಇಟ್ಟ. ಆಮೇಲೆ ಗುಜರಿ ರಾಶಿಯಲ್ಲಿ ಕೈಯಾಡಿಸಿ, ಕೊಯ್ದು ಬಿಸುಟ ಕಂಬದ ತುಂಡುಗಳನ್ನು ಹೆಕ್ಕಿ, ಅಂಟಿದ ಇಲಿಹಿಕ್ಕೆಯನ್ನು ತನ್ನ ಅಂಗಿಯ ತುದಿಯಿಂದಲೇ ಒರೆಸಿ, ಅವಳೆದುರು ಜೋಡಿಸಿದ.

"ಅತ್ತಿಗೆ, ಎಲ್ಲಾ ತುಂಡು ಇದಾವೆ. ಬೆಸುಗೆ ಇನ್ನೂ ಚುಕ್ಕೆ ಚುಕ್ಕೆ ಅಷ್ಟೇ, ಬಿಡಿಸ್ಬೋದು. ಎರಡಿಂಚು ವಾಪಸ್ ಹಾಕ್ಬೋದು."

"ತಲೆ ಕೆಟ್ಟಿದ್ಯೇನೋ?" ಎಂದ ಡ್ವೈಟ್. "ಕೊಯ್ದಿದ್ದನ್ನ ಮತ್ತೆ ಅಂಟಿಸ್ದ ಅಂತ ಕ್ಲಬ್ಬಲ್ಲಿ ಮುಖ ತೋರ್ಸಕ್ಕಾಗುತ್ತಾ?"

"ಹಂಗಾದ್ರೆ ಅವರ ಜೊತೆನೇ ಇರು ಹೋಗು," ಎಂದಳು ವರ್ನಾ. "ಊಟ ಅವರೇ ಹಾಕ್ಲಿ." ಗಾಡಿಯ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡಳು. "ನಾನು ನೆಟ್ಟಗೆ ಕೂತ ದಿನ ಇದು ಸ್ಟಾರ್ಟ್ ಆಗುತ್ತೆ. ಅಲ್ಲೀವರೆಗೂ ಕ್ರೇಟ್ ಮೇಲೆ ಕೂತು ಆಟ ಆಡು."

ಡ್ವೈಟ್ ಒಂದೊಂದೇ ತುಂಡು ಎತ್ತಿ ತಿರುಗಿಸಿ ನೋಡಿದ. ಕೊನೆಗೆ ತಗಡು ಕೊಯ್ಯುವ ಗ್ರೈಂಡರ್ ಎತ್ತಿಕೊಂಡು ತಾನೇ ಹಾಕಿದ ಬೆಸುಗೆಯ ಮೇಲಿಟ್ಟ.

ವರ್ನಾ ನೋಡುತ್ತ ನಿಲ್ಲಲಿಲ್ಲ. ಒಳಗೆ ಹೋಗಿ ಒಂದೇ ಒಂದು ಲೋಟ ತಣ್ಣೀರು ತಂದು ಆರ್ಲಿಸನ ಕೈಗೆ ಕೊಟ್ಟಳು.